ನಾಯಕರು ಒಂದಾದರು, ಅಪ್ಪ ಮಗ ಆಗಲಿಲ್ಲ

ಪ್ರಶ್ನೆ: ಅಕ್ಕಾ, ನಮ್ಮದು ಪುತ್ತೂರು ತಾಲೂಕಿನ ಹಳ್ಳಿ. ಅಡಿಕೆ ತೋಟ ಇದೆ. ಯಜಮಾನರಿಗೆ 61, ಮಗನಿಗೆ 29. ಇವರು ಮದುವೆಗೆ ಮೊದಲಿನಿಂದಲೂ ಬಿಜೆಪಿ ಕಾರ್ಯಕರ್ತರು, ಮಗನೂ ಅದೇ ವಾತಾವರಣದಲ್ಲಿ ಬೆಳೆದವನು. 2023ರ ಚುನಾವಣೆಯಲ್ಲಿ ಅವನು ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲರ ಪರ ಹಗಲು ರಾತ್ರಿ ತಿರುಗಿದ. ಫಲಿತಾಂಶದ ದಿನ ಇವರು ಅವನನ್ನು “ಮನೆಮುರುಕ” ಎಂದರು. ಅವತ್ತಿಗೆ ಮಾತು ನಿಂತಿತು. ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರಿಗೆ ಬಡಿಸುತ್ತೇನೆ. “ಪಂಪು ರಿಪೇರಿಗೆ ಕೊಡಲು ಹೇಳು”, “ಸೊಸೈಟಿಗೆ ಹೋಗಿ ಬರಲು ಹೇಳು” ಎಲ್ಲವೂ ನನ್ನ ಮೂಲಕವೇ. ಪುತ್ತಿಲರು ಮರಳಿ ಪಕ್ಷ ಸೇರಿದಾಗ ಇನ್ನು ಸರಿಹೋದೀತು ಅಂದುಕೊಂಡೆ. ಆಗಲಿಲ್ಲ. “ರಾಜಕಾರಣಿಗಳೆಲ್ಲ ಒಂದೇ, ಅವರಿಗಾಗಿ ನೀವ್ಯಾಕೆ ಜಗಳ ಆಡ್ತೀರಿ” ಎಂದರೆ ಇಬ್ಬರೂ ನನ್ನ ಮೇಲೆ ರೇಗುತ್ತಾರೆ. ಅಡಿಕೆಗೆ ಮದ್ದು ಬಿಡಲು ಫೈಬರ್ ದೋಟಿ ತರೋಣ ಎಂದು ಮಗ ಹೇಳಿದ್ದಕ್ಕೂ ಇವರು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿರುವ ಮಗಳು “ಬ್ರೆಕ್ಸಿಟ್ ಸಮಯದಲ್ಲಿ ಇಲ್ಲಿಯೂ ಮನೆಮನೆಯಲ್ಲಿ ಇದೇ ಕತೆ, ತಲೆ ಕೆಡಿಸ್ಕೊಳ್ಬೇಡಮ್ಮ” ಎನ್ನುತ್ತಾಳೆ. ಮಳೆಗಾಲ ಹತ್ತಿರ ಬಂತು, ಮದ್ದು ಬಿಡಬೇಕು. ಏನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. “ರಾಜಕಾರಣಿಗಳೆಲ್ಲ ಒಂದೇ” ಎಂಬ ಮಾತನ್ನು ಇನ್ನು ಮೇಲೆ ಮನೆಯಲ್ಲಿ ಆಡಬೇಡಿ. ನೀವು ಸಮಾಧಾನಕ್ಕೆ ಹೇಳುತ್ತೀರಿ. ಅವರಿಬ್ಬರಿಗೆ ಅದು “ನೀವು ನಂಬಿದ್ದಕ್ಕೆ ಬೆಲೆಯಿಲ್ಲ” ಎಂದು ಕೇಳಿಸುತ್ತದೆ. ನಿಮ್ಮ ಯಜಮಾನರು ಆಯುಷ್ಯದ ದೊಡ್ಡ ಪಾಲನ್ನು ಆ ಪಕ್ಷಕ್ಕೆ ಕೊಟ್ಟವರು. ಮಗ ಉರಿಬಿಸಿಲಿನಲ್ಲಿ ಮನೆಮನೆ ಹತ್ತಿಳಿದು ಮತ ಕೇಳಿದವನು. ಇಬ್ಬರಿಗೂ ನೋವಾಗಿದೆ, ಅದು ನಿಜವಾದ ನೋವು.

ಏನಾಯಿತೆಂದು ನೆನಪಿಸಿಕೊಳ್ಳಿ. 2023ರಲ್ಲಿ ಮಹಾಲಿಂಗೇಶ್ವರ ದೇವರ ಜಾತ್ರೆಯ ದಿನಗಳಲ್ಲೇ ಬಿಜೆಪಿಯ ಅಭ್ಯರ್ಥಿಗಳ ಪಟ್ಟಿ ಹೊರಬಿತ್ತು. ಶಾಸಕರಾಗಿದ್ದ ಸಂಜೀವ ಮಠಂದೂರರಿಗೆ ಟಿಕೆಟ್ ಇಲ್ಲ, ಆಶಾ ತಿಮ್ಮಪ್ಪ ಗೌಡರು ಅಭ್ಯರ್ಥಿ. ತೀರ್ಮಾನ ಆದದ್ದು ದೆಹಲಿಯಲ್ಲಿ. ಪುತ್ತೂರಿನ ಸಾವಿರಾರು ಕಾರ್ಯಕರ್ತರಿಗೆ ಅಭ್ಯರ್ಥಿ ಯಾರೆಂಬುದಕ್ಕಿಂತ “ನಮ್ಮನ್ನು ಒಂದು ಮಾತು ಕೇಳಲಿಲ್ಲ” ಎಂಬುದೇ ಹೆಚ್ಚು ಚುಚ್ಚಿತು. ಅವರಲ್ಲಿ ಹಲವರು ಪುತ್ತಿಲರ ಹಿಂದೆ ಹೋದರು. ಮೇ 13ರ ಎಣಿಕೆಯಲ್ಲಿ ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಅವರಿಗೆ 66,607, ಪುತ್ತಿಲರಿಗೆ 62,458, ಆಶಾ ತಿಮ್ಮಪ್ಪರಿಗೆ 37,558 ಮತ. ಕೊನೆಯ ಎರಡನ್ನು ಕೂಡಿಸಿದರೆ ಒಂದು ಲಕ್ಷ ದಾಟುತ್ತದೆ. ನಿಮ್ಮ ಯಜಮಾನರು ಅವತ್ತು ಆ ಕೂಡಿಸುವ ಲೆಕ್ಕವನ್ನೇ ಮಾಡಿರಬೇಕು, ಅದರ ಸಿಟ್ಟೆಲ್ಲ ಕಣ್ಣೆದುರಿದ್ದ ಮಗನ ಮೇಲೆ ಬಂತು. ಮಗ ನೋಡಿದ್ದು 62,458 ಎಂಬ ಒಂದೇ ಸಂಖ್ಯೆ. ಇಷ್ಟು ಜನ ನಮ್ಮ ಮಾತು ಒಪ್ಪಿದರಲ್ಲ ಎಂಬ ಹೆಮ್ಮೆ ಅವನದು. ಒಂದೇ ಫಲಿತಾಂಶ ಅಪ್ಪನಿಗೆ ಅವಮಾನ, ಮಗನಿಗೆ ಅಭಿಮಾನ.

ನನ್ನ ತವರು ಕಡಬ. ತಾಲೂಕು ಬೇರೆಯಾದರೂ ನಮ್ಮವರ ಮತ ಸುಳ್ಯ ಕ್ಷೇತ್ರಕ್ಕೆ. ಅಲ್ಲಿ 1994ರಿಂದ ಸತತ ಆರು ಸಲ ಗೆದ್ದಿದ್ದ ಎಸ್. ಅಂಗಾರರಿಗೂ ಆ ಸಲ ಟಿಕೆಟ್ ಸಿಗಲಿಲ್ಲ. ಬೇಸರ ಅಲ್ಲಿಯೂ ಇತ್ತು. ಆದರೆ ಹೊಸಬರಾದ ಭಾಗೀರಥಿ ಮುರುಳ್ಯ ಗೆದ್ದರು, ಮಾತು ಅಲ್ಲಿಗೇ ತಣ್ಣಗಾಯಿತು. ಪುತ್ತೂರಿನಲ್ಲಿ ಸೋಲು ಬಂದದ್ದರಿಂದ “ಯಾರಿಂದ” ಎಂಬ ಪ್ರಶ್ನೆ ಮನೆಮನೆಯ ಜಗಲಿಗೆ ಬಂದು ಕೂತಿತು. ಗೆದ್ದ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಧ ಸರಿ. ಬ್ರಿಟನ್ನಿನಲ್ಲಿ 2016ರ ಜೂನ್ 23ರಂದು ನಡೆದ ಜನಮತದಲ್ಲಿ ಯುರೋಪ್ ಒಕ್ಕೂಟ ಬಿಡಬೇಕೆಂದವರು ನೂರಕ್ಕೆ 52ರಷ್ಟು, ಬೇಡವೆಂದವರು 48ರಷ್ಟು. ದೇಶ ಹಾಗೆ ಸೀಳಿಕೊಂಡಿರುವಾಗಲೇ 2019ರ ಜುಲೈನಲ್ಲಿ ಬೋರಿಸ್ ಜಾನ್ಸನ್ ಪ್ರಧಾನಿಯಾದರು. ಅವರನ್ನು ಆರಿಸಿದ್ದು ಕನ್ಸರ್ವೇಟಿವ್ ಪಕ್ಷದ ಸದಸ್ಯರು, ಬಿದ್ದದ್ದು 92,153 ಮತ. ಕೆಲವರು ಸಂಭ್ರಮಿಸಿದರು, ಕೆಲವರು “ಕೋಟಿಗಟ್ಟಲೆ ಜನರಿರುವ ದೇಶಕ್ಕೆ ಪ್ರಧಾನಿಯನ್ನು ಇಷ್ಟೇ ಮಂದಿ ಆರಿಸುವುದೇ” ಎಂದು ಬೀದಿಗಿಳಿದರು. ಅಲ್ಲಿಯೂ ಹುಣ್ಣು ಅದೇ, ನಮ್ಮನ್ನು ಕೇಳಲಿಲ್ಲ ಎಂಬುದು. ಆದರೆ ತಲೆ ಕೆಡಿಸಿಕೊಳ್ಳಬೇಡ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಜಾನ್ಸನ್ 2022ರಲ್ಲಿ ಕುರ್ಚಿ ಬಿಟ್ಟು ಹೋದರು. ಪುತ್ತಿಲರು 2024ರ ಮಾರ್ಚ್‌ನಲ್ಲಿ ಬಿಜೆಪಿಗೆ ಮರಳಿದರು. ಹತ್ತು ತಿಂಗಳಲ್ಲಿ ಅವರ ರಾಜಿ ಮುಗಿಯಿತು. ನಿಮ್ಮ ಮನೆಯದು ತಾನಾಗಿ ಮುಗಿಯಲಿಲ್ಲ, ಮುಗಿಯುವುದೂ ಇಲ್ಲ. ಯಾಕೆಂದರೆ ಇಷ್ಟರಲ್ಲಿ ಜಗಳದ ಕಾರಣವೇ ಬೇರೆಯಾಗಿದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ದೋಟಿಯ ಮೇಲೆ. ಮರ ಹತ್ತಿ ಮದ್ದು ಬಿಡುವವರು ಸಿಗದ ಈ ಕಾಲದಲ್ಲಿ ನೆಲದಲ್ಲೇ ನಿಂತು ಸಿಂಪಡಿಸುವ ಫೈಬರ್ ದೋಟಿ ಹುಚ್ಚು ಆಸೆಯೇನಲ್ಲ. ದುಬಾರಿ, ನಿಜ. ಆದರೆ 29 ವರ್ಷದ ಮಗ ಅದೇ ತೋಟದಲ್ಲಿ ದುಡಿಯುತ್ತಾನೆ, ತೋಟದ ಯಾವ ತೀರ್ಮಾನದಲ್ಲೂ ಅವನ ಮಾತಿಗೆ ಜಾಗವಿಲ್ಲ. ದೆಹಲಿ ಪುತ್ತೂರನ್ನು ಕೇಳಲಿಲ್ಲವೆಂದು ಅವನಿಗೆ ಅಷ್ಟು ಉರಿದದ್ದು ಯಾಕೆಂದು ಯೋಚಿಸಿ. ಇನ್ನು ಯಜಮಾನರು. ಮಗ ಬೇರೆ ದಾರಿ ಹಿಡಿಯುವ ಮೊದಲು “ಅಪ್ಪಾ, ನನಗೆ ಹೀಗನ್ನಿಸುತ್ತದೆ” ಎಂದು ಅವರಲ್ಲಿ ಒಂದು ಮಾತು ಹೇಳಿದ್ದನೇ? ಊರವರ ಬಾಯಿಂದ ತಿಳಿದಿದ್ದರೆ ಆ ಮುದುಕನ ಮನಸ್ಸು ಎಷ್ಟು ಮುರಿದಿರಬೇಡ!

ಹಾಗಾಗಿ ರಾಜಕೀಯದಲ್ಲಿ ಅವರನ್ನು ಒಂದು ಮಾಡಲು ಹೋಗಬೇಡಿ. ಅದು ನಿಮ್ಮ ಕೆಲಸವಲ್ಲ, ಅಗತ್ಯವೂ ಇಲ್ಲ. ಒಂದೇ ಸೂರಿನಡಿ ಎರಡು ಪಕ್ಷಕ್ಕೆ ಮತ ಹಾಕಿ ಒಟ್ಟಿಗೆ ಉಣ್ಣುವ ಮನೆಗಳು ನಮ್ಮೂರಲ್ಲಿ ಎಷ್ಟು ಬೇಕಾದರೂ ಇವೆ. ನೀವು ಮಾಡಬೇಕಾದ್ದು ಅಂಚೆ ಕೆಲಸ ನಿಲ್ಲಿಸುವುದು. ನಾಳೆ ಯಜಮಾನರು “ಅವನಿಗೆ ಹೇಳು” ಎಂದಾಗ “ಜಗಲಿಯಲ್ಲೇ ಇದ್ದಾನೆ, ನೀವೇ ಹೇಳಿ” ಎನ್ನಿ. ಸಿಟ್ಟಿನಿಂದಲ್ಲ, ಮೆತ್ತಗೆ. ಮಗನಿಗೂ ಅದೇ ಮಾತು. ನಾಲ್ಕೈದು ದಿನ ಕೆಲಸ ಕೆಡಬಹುದು, ಕೆಡಲಿ. ನಡುವೆ ನೀವಿರುವುದರಿಂದಲೇ ಅವರಿಗೆ ಮಾತು ಬಿಟ್ಟು ಬದುಕಲು ಸಾಧ್ಯವಾಗಿದೆ.

ಊಟವನ್ನೂ ಒಂದೇ ಹೊತ್ತಿಗೆ ಬಡಿಸಿ. ಮಾತಿಲ್ಲದೆ ಉಂಡರೂ ಸರಿ.

ಮದ್ದಿನ ಕೆಲಸ ನಿಮಗೆ ಸಿಕ್ಕಿದ ಒಳ್ಳೆಯ ಅವಕಾಶ. ಮೈಲುತುತ್ತು ಸುಣ್ಣ ಹದವಾಗಿ ಬೆರೆಸುವುದು ಯಜಮಾನರ ಅನುಭವ, ಪಂಪು ದೋಟಿ ಮಗನ ಕೈಚಳಕ. ಮಳೆ ಹಿಡಿಯುವ ಮೊದಲು ಮೊದಲ ಸುತ್ತು ಮುಗಿಯದಿದ್ದರೆ ಕೊಳೆರೋಗ ಯಾರ ಪಕ್ಷವನ್ನೂ ನೋಡುವುದಿಲ್ಲ, ಇದು ಅವರಿಬ್ಬರಿಗೂ ಗೊತ್ತು. ಯಜಮಾನರೊಬ್ಬರೇ ಇರುವಾಗ ಹೇಳಿ: “ದೋಟಿ ತರುವುದೋ ಬಿಡುವುದೋ ನಿಮ್ಮಿಷ್ಟ. ಅವನಲ್ಲಿ ಒಂದು ಮಾತು ಕೇಳಿ ತೀರ್ಮಾನ ಮಾಡಿ.” ಮಗನೊಬ್ಬನೇ ಇರುವಾಗ ಹೇಳಿ: “ನೀನು ಯಾರ ಪರ ತಿರುಗಿದ್ದಕ್ಕೂ ಕ್ಷಮೆ ಕೇಳಬೇಡ. ಮೊದಲೇ ಅಪ್ಪನಿಗೆ ಹೇಳದೆ ಹೋಗಿದ್ದರೆ, ಅದೊಂದು ತಪ್ಪಾಯಿತು ಎನ್ನು.” “ಮನೆಮುರುಕ” ಎಂಬ ಮಾತನ್ನು ಯಜಮಾನರು ಹಿಂದೆ ತೆಗೆದುಕೊಳ್ಳಲೇಬೇಕು, ಅದನ್ನು ಅವರಿಗೆ ನೇರವಾಗಿ ಹೇಳುವ ಹಕ್ಕು ನಿಮಗಿದೆ.

ಕೊನೆಯದಾಗಿ, ತಂಗೀ, ನಿಮ್ಮ ಪತ್ರದಲ್ಲಿ ಅಪ್ಪನ ಪಕ್ಷ ಇದೆ, ಮಗನ ಪಕ್ಷ ಇದೆ, ಇಂಗ್ಲೆಂಡಿನ ಬ್ರೆಕ್ಸಿಟ್ ಸುದ್ದಿಯೂ ಇದೆ. ಮೇ 10ರಂದು ನೀವೂ ಮತ ಹಾಕಿದ್ದೀರಿ. ಯಾರಿಗೆಂದು ಆ ಮನೆಯಲ್ಲಿ ಯಾರೂ ನಿಮ್ಮನ್ನು ಕೇಳಿದಂತಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿದ ದಿನ, ನಿಮಗೆ ಮನಸ್ಸಿದ್ದರೆ, ಮೊದಲು ನಿಮ್ಮ ಮಾತು ಹೇಳಿ. ಮದ್ದಿನ ಮೊದಲ ಸುತ್ತು ಮುಗಿದ ಮೇಲೆ ನನಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.