ಕರೆಗಂಟೆ ಕೇಳಿಸದ ಜೀವಕೋಶ

ಮಕ್ಕಳೇ, ಹೊರಗೆ ಯಾರೋ ಕರೆಗಂಟೆ ಒತ್ತಿದರೆ ಒಳಗಿರುವ ನಾವು ಏಳುತ್ತೇವೆ. ದೇಹದಲ್ಲೂ ಹೀಗೆಯೇ. ರೋಗಾಣು ಬಂದಾಗ ರಕ್ಷಕ ಜೀವಕೋಶಗಳು ಹೊರಬಿಡುವ ಸೈಟೊಕೈನ್ ಎಂಬ ಪ್ರೋಟೀನು ಇನ್ನೊಂದು ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕದ ತುಂಡುಗಳು ಕೂಡಿದೊಡನೆ ಒಳಗಿನ ಜಾಕ್ ಕಿಣ್ವ ಎಚ್ಚೆತ್ತು, ಸ್ಟ್ಯಾಟ್ ಪ್ರೋಟೀನನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಜೀನುಗಳು ಕೆಲಸಕ್ಕೆ ತೊಡಗುತ್ತವೆ.

ಆರು ಸೈಟೊಕೈನುಗಳ ಗ್ರಾಹಕಗಳಲ್ಲಿ ಗಾಮಾ ಎಂಬ ಒಂದೇ ಬಗೆಯ ತುಂಡು ಇದೆ. ಅದು ಕೆಟ್ಟರೆ ಗಂಟೆ ಒಳಗೆ ಕೇಳಿಸದು. ಟಿ ಜೀವಕೋಶಗಳು ಬೆಳೆಯವು. ಹಸುಗೂಸಿಗೆ ಸಾಮಾನ್ಯ ಸೋಂಕೂ ಪ್ರಾಣಾಂತಿಕವಾಗುತ್ತದೆ. 1993ರಲ್ಲಿ ಈ ದೋಷವನ್ನು ಗುರುತಿಸಿದವರಲ್ಲಿ ಒಬ್ಬರಾದ ಡಾ. ಜೆನಿಫರ್ ಪಕ್ ಮುಂದೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋಗೇ ಬಂದರು.

ಪಾಲಕರೇ, ಅವರು ರೂಪಿಸಿದ ಪರೀಕ್ಷೆ 2010ರಿಂದ ಕ್ಯಾಲಿಫೋರ್ನಿಯಾದ ನವಜಾತ ಶಿಶುಗಳಿಗೆ ನಡೆಯುತ್ತಿದೆ. ಹಿಮ್ಮಡಿಯ ರಕ್ತದ ಹನಿ ಸಾಕು. ಬೇಗ ತಿಳಿದರೆ ಅಸ್ಥಿಮಜ್ಜೆಯ ಕಸಿಯಿಂದ ಮಗುವನ್ನು ಉಳಿಸಬಹುದು.