ಇಳಿಜಾರು ತೋಟಕ್ಕೆ ಯಾವ ಡ್ರಿಪ್ ಪೈಪು?

ಪ್ರಶ್ನೆ: ಶಿರಾ ಗೇಟ್ ಆಚೆ ನಮ್ಮ ಎರಡು ಎಕರೆ ತೆಂಗಿನ ತೋಟವಿದೆ. ನೆಲ ತುಸು ಇಳಿಜಾರು. ಡ್ರಿಪ್ ಹಾಕಿಸಿದರೆ ನೀರೆಲ್ಲ ಕೆಳಗಿನ ಮರಗಳಿಗೇ ಹೋದೀತೇ? 12 ಎಂ.ಎಂ. ಪೈಪು ಸಾಕೇ?

ಉತ್ತರ: ನಿಮ್ಮ ಅನುಮಾನ ಸರಿಯೇ. ನೆಲ 10 ಮೀಟರ್ ಇಳಿದರೆ ಪೈಪಿನೊಳಗಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಏರುತ್ತದೆ. 3 ಮೀಟರ್ ಇಳಿಜಾರಿದ್ದರೂ ಸಾಮಾನ್ಯ ಡ್ರಿಪ್ಪರ್‌ಗಳು ಕೆಳಗೆ ಹೆಚ್ಚು, ಮೇಲೆ ಕಡಿಮೆ ಹನಿಸುತ್ತವೆ.

ಸಾಲುಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪನ್ನು ಇಳಿಜಾರಿನ ಗುಂಟ ಇಳಿಸಿ, ಅದರಿಂದ ಮರದ ಸಾಲಿಗೆ ಹೋಗುವ ಲ್ಯಾಟರಲ್ ಪೈಪುಗಳನ್ನು ಬದುವಿನಂತೆ ಅಡ್ಡಲಾಗಿ ಎಳೆಸಿ. ಉದ್ದ ಸಾಲಿಗೆ 16 ಎಂ.ಎಂ. ಪೈಪೇ ಇರಲಿ, ಸಣ್ಣ ಪೈಪಿನಲ್ಲಿ ನೀರು ತುದಿ ಮುಟ್ಟುವಷ್ಟರಲ್ಲಿ ಒತ್ತಡ ಕುಗ್ಗುತ್ತದೆ. 12 ಎಂ.ಎಂ. ಪೈಪು ಮರದ ಸುತ್ತಿನ ಬಳೆಗೆ ಸಾಕು. ಅಂಗಡಿಯಲ್ಲಿ ಪಿ.ಸಿ. ಡ್ರಿಪ್ಪರ್ ಕೇಳಿ, ಒತ್ತಡ ಏರಿಳಿದರೂ ಅದು ಒಂದೇ ಸಮ ಹನಿಸುತ್ತದೆ. ಬುಡದಿಂದ 1 ಮೀಟರ್ ದೂರದಲ್ಲಿ ಮರಕ್ಕೆ ನಾಲ್ಕು ಇರಲಿ.

ಪೈಪಿನ ಮೇಲೆ ಐ.ಎಸ್. 12786 ಗುರುತು ನೋಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ತೊಳೆಯುತ್ತಿರಿ, ಆಗಾಗ ಲ್ಯಾಟರಲ್ ತುದಿ ಬಿಚ್ಚಿ ನೀರು ಹರಿಯಬಿಡಿ. ಸಹಾಯಧನ ಬೇಕಿದ್ದರೆ ಖರೀದಿಗೆ ಮೊದಲೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.