ಎಣಿಕೆಗೆ ಸಿಗುವುದು, ಸಿಗದಿರುವುದು

ಸಂಶೋಧನೆಗೆ ಕಾಲಿಟ್ಟು ಇನ್ನೂ ಹೆಚ್ಚು ದಿನವಾಗಿಲ್ಲ, ಆಗಲೇ ಗೂಗಲ್ ಸ್ಕಾಲರ್ ತೆರೆದು ನಿನ್ನ ಹೆಸರಿನ ಮುಂದಿರುವ ಉಲ್ಲೇಖಗಳ ಅಂಕಿಯನ್ನು ನೋಡಿಕೊಳ್ಳುವ ಅಭ್ಯಾಸ ನಿನಗೂ ಆಗಿದೆ. ಅದನ್ನು ತಪ್ಪೆನ್ನಲಾರೆ. ನೇಮಕಾತಿಗೆ, ಬಡ್ತಿಗೆ, ಅನುದಾನಕ್ಕೆ ಎಲ್ಲ ಕಡೆಯೂ ಅದನ್ನು ಕೇಳುತ್ತಾರೆ. ಕೇಳುವವರಿರುವ ತನಕ ನಿನಗೆ ಅದು ಗೊತ್ತಿರಬೇಕು. ಆದರೆ ಆ ಅಂಕಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವುದೂ ಗೊತ್ತಿರಲಿ.

ಉಲ್ಲೇಖಗಳ ಸೂಚಿಯನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಹೊರಬಂದ ಆ ಸೂಚಿಯ ಮುಖ್ಯ ಉದ್ದೇಶ, ಒಂದು ಲೇಖನ ಓದಿದವನಿಗೆ ಅದರ ಹಿಂದಿನ, ಮುಂದಿನ ಲೇಖನಗಳ ದಾರಿ ತೋರಿಸುವುದು. ವಿದ್ವಾಂಸರನ್ನೇ ಅದರಿಂದ ಅಳೆಯತೊಡಗಿದ್ದು ಆಮೇಲೆ. ಈಗ ಎಲ್ಲರ ಬಾಯಲ್ಲಿರುವ ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ, ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿಯಿಂದ. ನಿನ್ನ ಹತ್ತು ಬರಹಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ನಿನ್ನದು ಹತ್ತು. ಜೀವಮಾನವೆಲ್ಲ ತೇದು ಒಂದೇ ಪುಸ್ತಕ ಬರೆದು, ಅದನ್ನು ಸಾವಿರ ಜನ ಉಲ್ಲೇಖಿಸಿದರೂ ಆ ಲೆಕ್ಕದಲ್ಲಿ ಒಂದೇ. ಹತ್ತಾರು ಜನ ಸೇರಿ ಲೇಖನ ಬರೆಯುವ ಪ್ರಯೋಗಾಲಯಗಳಿಗೆ ಇದು ಹೊಂದೀತು. ಒಬ್ಬರೇ ಹಳ್ಳಿಯಲ್ಲಿ ಕೂತು, ವರ್ಷಗಟ್ಟಲೆ ಯೋಚಿಸಿ ಪುಸ್ತಕ ಬರೆಯುವ ನಮ್ಮ ಸಮಾಜಶಾಸ್ತ್ರಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನೇ ನೋಡು. ಮುಂಬಯಿಯಲ್ಲಿ ಘುರ್ಯೆ ಅವರ ಬಳಿ ಓದಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಪಳಗಿ, 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ತಮ್ಮ ಬರಹದಲ್ಲಿ ಅದಕ್ಕೆ ರಾಂಪುರ ಎಂದು ಬೇರೆ ಹೆಸರಿಟ್ಟರು. ಆ ಊರಿನ ಪುಸ್ತಕ ಹೊರಬಂದದ್ದು 1976ರಲ್ಲಿ. ನಡುವೆ ಇಪ್ಪತ್ತೆಂಟು ವರ್ಷ! ಅಷ್ಟು ಕಾಲ ಅವರೇನೂ ಸುಮ್ಮನಿರಲಿಲ್ಲ. ಕೊಡವರನ್ನು ಕುರಿತ ಗ್ರಂಥ 1952ರಲ್ಲಿ ಬಂತು, ರಾಂಪುರದ ಪ್ರಬಲ ಜಾತಿಯನ್ನು ಕುರಿತ ಲೇಖನ 1959ರಲ್ಲಿ. ಬರೋಡಾದಲ್ಲೂ ದೆಹಲಿಯಲ್ಲೂ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದರು. 1970ರ ಏಪ್ರಿಲ್‌ನಲ್ಲಿ ಅವರು ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ, ವರ್ಷಗಳಿಂದ ಒಪ್ಪಮಾಡಿಟ್ಟುಕೊಂಡಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆಯಲು ಕೂತರು. ಆ ಊರಿನ ಗೌಡರು, ಅಲ್ಲಿನ ಜಗಳಗಳು, ದನಕರು, ಹಬ್ಬ ಎಲ್ಲವೂ ಅವರೊಳಗೆ ಇಳಿದಿದ್ದರಿಂದ ಅದು ಸಾಧ್ಯವಾಯಿತು. ವರ್ಷಕ್ಕಿಷ್ಟು ಲೇಖನ ಎಂದು ಲೆಕ್ಕ ಒಪ್ಪಿಸುವ ಅವಸರದಲ್ಲಿ ಊರೊಂದು ಹಾಗೆ ಮನಸ್ಸಿಗೆ ಇಳಿಯುವುದಿಲ್ಲ ಮಗು.

ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಕರಿಸಿ ಮೇಲೇರಲು ಯತ್ನಿಸುವುದನ್ನು ಕುರಿತ ಅವರ ಸಂಸ್ಕೃತೀಕರಣದ ವಿಚಾರ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಒಪ್ಪಿದವರಷ್ಟೇ ಅಲ್ಲ, ಅದು ಮೇಲಿನಿಂದ ನೋಡಿದ ನೋಟ ಎಂದು ಖಂಡಿಸಿದವರೂ ಉಲ್ಲೇಖಿಸಿದ್ದಾರೆ. ಎರಡಕ್ಕೂ ಎಣಿಕೆ ಒಂದೇ. ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆಯ ಕಥೆ ಇದಕ್ಕೆ ತಿರುವುಮುರುವು. ಊರಿನ ಹಿರಿಯನ ಮಾತಿಗೆ ಕಟ್ಟುಬಿದ್ದ ಮತಗಳನ್ನು ಕುರಿತು ಶ್ರೀನಿವಾಸರು 1955ರ ಲೇಖನವೊಂದರಲ್ಲಿ ಅದನ್ನು ಬಳಸಿದರು. ಇಂದು ಚುನಾವಣೆ ಬಂತೆಂದರೆ ಟಿ.ವಿ. ಚರ್ಚೆಯಿಂದ ಚಹಾದಂಗಡಿಯವರೆಗೆ ಎಲ್ಲರೂ ಆಡುವ ಮಾತು ಅದು. ಆಡುವವರಲ್ಲಿ ಎಷ್ಟು ಜನ ಅವರ ಹೆಸರು ಕೇಳಿದ್ದಾರು? ಒಂದು ವಿಚಾರ ಎಲ್ಲರ ಅರಿವಿನಲ್ಲಿ ಬೆರೆತುಹೋದಾಗ ಅದರ ಮೂಲವನ್ನು ಹೆಸರಿಸುವುದೇ ನಿಂತುಹೋಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಸಮಾಜ ವಿಜ್ಞಾನಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಪ್ರಭಾವ ನನಗೆ ತೋಚುವುದಿಲ್ಲ. ಯಾವ ಸೂಚಿಯಲ್ಲೂ ಅದು ದಾಖಲಾಗುವುದಿಲ್ಲ.

ಅಳತೆಯ ಮೇಲೆ ತೀರ್ಮಾನಗಳು ನಿಂತಷ್ಟೂ ಅಳತೆಯೇ ಕೆಡುತ್ತದೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ನಾವು ಅದನ್ನು ಕಣ್ಣಾರೆ ಕಂಡೆವು. 2010ರಲ್ಲಿ ಯುಜಿಸಿ, ಅಧ್ಯಾಪಕರ ಬಡ್ತಿಗೆ ಪ್ರಕಟಣೆಗಳಿಗೂ ಅಂಕ ಕೊಡುವ ಎಪಿಐ ಪದ್ಧತಿ ತಂದ ಮೇಲೆ, ಹಣ ಕಟ್ಟಿದರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಎಷ್ಟೇ ಒತ್ತಡವಿದ್ದರೂ ಅಲ್ಲಿಗೆ ಹೋಗಬೇಡ. ನೀನು ನನ್ನದನ್ನು ಉಲ್ಲೇಖಿಸು, ನಾನು ನಿನ್ನದನ್ನು ಎಂಬ ಒಪ್ಪಂದಕ್ಕೂ ಸೇರಬೇಡ. ಓದದ ಪುಸ್ತಕವನ್ನು ಪಟ್ಟಿಗೆ ಸೇರಿಸಬೇಡ. ಓದಿ ಕಲಿತದ್ದನ್ನು ಮಾತ್ರ ಬಿಡಬೇಡ: ಅದು ಜಿಲ್ಲಾ ಕಾಲೇಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಎಂ.ಫಿಲ್. ಪ್ರಬಂಧವಾಗಿರಲಿ, ಕನ್ನಡದ ಸಣ್ಣ ಪತ್ರಿಕೆಯ ಲೇಖನವಾಗಿರಲಿ. ಜಗತ್ತಿನ ದೊಡ್ಡ ಸೂಚಿಗಳಲ್ಲಿ ಕನ್ನಡದ ಸಂಶೋಧನೆಗೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕು ಎಂದು ಸಂಶೋಧನೆಯ ಅಳತೆಗಳನ್ನು ಕುರಿತ 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲೊಂದು ಹೇಳುತ್ತದೆ. ಆ ಕೆಲಸವನ್ನು ನಾವೇ ಮಾಡದಿದ್ದರೆ ಹೊರಗಿನವರು ಬಂದು ಮಾಡುತ್ತಾರೆಯೇ?

ವ್ಯವಹಾರದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನಿನ್ನ ಹೆಸರನ್ನು ಇಂಗ್ಲಿಷಿನಲ್ಲಿ ಎಲ್ಲ ಕಡೆಯೂ ಒಂದೇ ರೀತಿ ಬರೆ. ಊರಿನ ಮತ್ತು ತಂದೆಯ ಹೆಸರುಗಳು ಇನಿಷಿಯಲ್ ಆಗುವ ನಮ್ಮ ಪದ್ಧತಿ ಉಲ್ಲೇಖ ಎಣಿಸುವ ಯಂತ್ರಗಳಿಗೆ ಅರ್ಥವಾಗುವುದಿಲ್ಲ; ಒಬ್ಬರನ್ನು ಮೂವರನ್ನಾಗಿ ಮಾಡಿಬಿಡುತ್ತವೆ. ಸಂಶೋಧಕರನ್ನು ಗುರುತಿಸುವ ಆರ್ಕಿಡ್ ಸಂಖ್ಯೆ ಉಚಿತವಾಗಿ ಸಿಗುತ್ತದೆ, ತೆಗೆದುಕೋ. ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ದುಡಿದದ್ದು ನಿನ್ನ ಹೆಸರಿಗೇ ಸೇರಲಿ.

ಲೇಖನ ಮುಗಿದ ಮೇಲೆ, ಪತ್ರಿಕೆಗೆ ಕಳಿಸುವ ಮೊದಲು, ನೀನು ಅಧ್ಯಯನ ಮಾಡಿದ ಊರಿಗೆ ಒಮ್ಮೆ ಹೋಗು. ಬರೆದದ್ದರ ಸಾರವನ್ನು ಅಲ್ಲಿಯವರಿಗೆ ಅವರ ಮಾತಿನಲ್ಲೇ ಹೇಳು. ಹೀಗಲ್ಲ ಅಂತ ಯಾರಾದರೂ ತಡೆದರೆ ಪುಸ್ತಕ ತೆಗೆದು ಬರೆದುಕೋ. ಅದರಿಂದ ಆರು ತಿಂಗಳು ತಡವಾದರೆ ಆಗಲಿ.